ಮಳೆ ಶುರುವಾದ ಮೇಲೆ ಜಿಮ್‌ನ ರಬ್ಬರ್ ಟೈಲ್ಸ್ ಎದ್ದು ಬರ್ತಾ ಇವೆ, ವಾಸನೆ ಬೇರೆ (ಬೆಳಗಾವಿ)

ಟಿಳಕವಾಡಿ ಜಿಮ್ (ಜುಲೈ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ಜಿಮ್ ಶುರು ಮಾಡಿದೆ. ನೆಲಮಹಡಿ, ಸುಮಾರು 1,800 ಚದರ ಅಡಿ. ಮೊದಲು ಗೋದಾಮು ಇತ್ತು. ಅದರ ಹಳೇ ಫರ್ಶಿ ಕಿತ್ತು ಫೆಬ್ರವರಿಯಲ್ಲಿ 4 ಇಂಚು ಕಾಂಕ್ರೀಟ್ ಹಾಕಿಸಿದೆ, ಇಪ್ಪತ್ತೈದು ದಿನ ಆದ ಮೇಲೆ 20 ಎಂಎಂ ರಬ್ಬರ್ ಟೈಲ್ಸ್ ಗಮ್ ಹಾಕಿ ಅಂಟಿಸಿದರು. ಮೇ ಮುಗಿಯುವವರೆಗೂ ಏನೂ ತೊಂದರೆ ಇರಲಿಲ್ಲ.

ಜೂನ್ ಎರಡನೇ ವಾರದಿಂದ ಟೈಲ್ಸ್ ಅಂಚು ಮೇಲೆ ಏಳ್ತಾ ಇವೆ. ಬೆಳಿಗ್ಗೆ ಬಾಗಿಲು ತೆಗೆದರೆ ಹಸಿ ವಾಸನೆ ಮುಖಕ್ಕೆ ಹೊಡೆಯುತ್ತದೆ. ನಿನ್ನೆ ಒಬ್ಬ ಹುಡುಗ ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವ ವ್ಯಾಯಾಮ) ಮಾಡುವಾಗ ಎದ್ದ ಅಂಚಿಗೆ ಕಾಲು ತಾಗಿ ಮುಗ್ಗರಿಸಿದ, ಕೈಯಲ್ಲಿ ಎರಡು ಡಂಬಲ್ ಇದ್ದವು. ಪುಣ್ಯಕ್ಕೆ ಏನೂ ಆಗಲಿಲ್ಲ, ಆದರೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟೈಲ್ಸ್ ಹಾಕಿದವರು "ಮಾಲು ಸರಿ ಬಂದಿಲ್ಲ, ಬೇರೆ ತರಿಸೋಣ" ಅಂತಾರೆ. ಸಾಲ ಮಾಡಿ ಹಾಕಿದ ಜಿಮ್ ಇದು, ಎಲ್ಲಾ ಕಿತ್ತು ಹೊಸದು ಹಾಕಿಸುವ ಶಕ್ತಿ ಇಲ್ಲ. ಡೆಡ್‌ಲಿಫ್ಟ್ (ನೆಲದಿಂದ ಭಾರದ ಬಾರ್ ಎತ್ತೋದು) ಮಾಡುವ ಮೂಲೆಯಲ್ಲಿ ಕಾಂಕ್ರೀಟೇ ಸೀಳಿದ ಹಾಗೆ ಕಾಣುತ್ತದೆ. ಎಲ್ಲಿಂದ ಶುರು ಮಾಡಲಿ?

ಅನಗೋಳ ಪೈಲ್ವಾನ್

ತಮ್ಮಾ, ಮೊದಲು ಹೊಸ ಟೈಲ್ಸ್ ಆರ್ಡರ್ ಕೊಡಬೇಡ. ಮಾಲು ಕೆಟ್ಟಿದ್ದರೆ ಏಪ್ರಿಲ್‌ನಲ್ಲೇ ಗೊತ್ತಾಗುತ್ತಿತ್ತು. ಮಳೆ ಬಂದ ಮೇಲೆ ಎದ್ದಿವೆ ಅಂದರೆ ತೊಂದರೆ ರಬ್ಬರಿನ ಕೆಳಗಿದೆ. ಕೆಳಗಿನದು ಸರಿ ಮಾಡದೆ ಮೇಲಿನದು ಬದಲಿಸಿದರೆ ಮುಂದಿನ ಜೂನ್‌ಗೆ ಇದೇ ಪ್ರಶ್ನೆ ಮತ್ತೆ ಕೇಳಬೇಕಾಗುತ್ತದೆ.

ಇವತ್ತು ರಾತ್ರಿ ಜಿಮ್ ಮುಚ್ಚಿದ ಮೇಲೆ ಮೂರು ಕಡೆ ಒಂದೊಂದು ಟೈಲ್ ಎತ್ತು. ಒಂದು ಹಿಂದಿನ ಗೋಡೆ ಹತ್ತಿರ, ಒಂದು ನಟ್ಟ ನಡುವೆ, ಒಂದು ನೀರಿನ ಕೂಲರ್ ಅಥವಾ ಬಾತ್‌ರೂಮ್ ಪಕ್ಕ. ಕೆಳಗೆ ಏನಿದೆ ನೋಡು. ಗೋಡೆ ಹತ್ತಿರ ಮಾತ್ರ ಹಸಿ ಇದ್ದರೆ ನೀರು ಹೊರಗಿನಿಂದ ಬರ್ತಾ ಇದೆ. ಎಲ್ಲಾ ಕಡೆ ಒಂದೇ ಸಮ ಹಸಿ ಇದ್ದರೆ ಕಾಂಕ್ರೀಟ್ ಒಣಗಿರಲಿಲ್ಲ ಅಥವಾ ನೆಲದಿಂದ ತೇವ ಏರ್ತಾ ಇದೆ. ಕೂಲರ್ ಸುತ್ತ ಮಾತ್ರ ಇದ್ದರೆ ಪೈಪ್ ಸೋರ್ತಾ ಇದೆ. ಕಾಂಕ್ರೀಟ್ ಮೇಲೆ ಬಿಳಿ ಪುಡಿ ಇದೆಯಾ ಅಂತಲೂ ನೋಡು. ಅದು ಕೆಳಗಿಂದ ನೀರು ಹೊತ್ತು ತಂದ ಉಪ್ಪು, ಅದರ ಮೇಲೆ ಯಾವ ಗಮ್ಮೂ ನಿಲ್ಲೋದಿಲ್ಲ. ಆಮೇಲೆ ಒಂದು ಮಾತು ಹೇಳು: ಕಾಂಕ್ರೀಟ್ ಹಾಕುವ ಮುಂಚೆ ಅಡಿಗೆ ಪಾಲಿಥಿನ್ ಹಾಳೆ ಹಾಸಿದ್ರಾ?

ಟಿಳಕವಾಡಿ ಜಿಮ್

ಅಣ್ಣಾ, ನೀವು ಹೇಳಿದ ಹಾಗೇ ಎತ್ತಿ ನೋಡಿದೆ. ಪಾಲಿಥಿನ್ ಹಾಸಿಲ್ಲ, ಗೌಂಡಿಯನ್ನು ಕೇಳಿದೆ, "ನೀವು ಹೇಳಲಿಲ್ಲ" ಅಂದ.

ಹಿಂದಿನ ಗೋಡೆ ಹತ್ತಿರ ಟೈಲ್ ಎತ್ತುವಾಗ ಸುಮ್ನೆ ಕೈಗೇ ಬಂತು. ಗಮ್ ಬೆಲ್ಲದ ಪಾಕದ ಹಾಗೆ ಜಿಗಿಜಿಗಿ ಎಳೆ ಎಳೆಯಾಗಿ ಎದ್ದಿತು. ಕಾಂಕ್ರೀಟ್ ಕಪ್ಪಗೆ ಹಸಿ, ಟೈಲ್‌ನ ಬೆನ್ನಿಗೆ ಹಸಿರು ಬೂಷ್ಟು. ನಡುವಿನ ಟೈಲ್ ಬಿಗಿಯಾಗಿತ್ತು, ಕೆಳಗೆ ನೀರಿಲ್ಲ, ಆದರೆ ಬಿಳಿ ಪುಡಿ ಇದೆ. ಕೂಲರ್ ಹತ್ತಿರ ಒಣಗಿದೆ. ಹೊರಗೆ ಹೋಗಿ ನೋಡಿದೆ. ಟೆರೇಸಿನ ಮಳೆನೀರಿನ ಪೈಪ್ ಮೊಣಕಾಲು ಎತ್ತರದಲ್ಲೇ ಮುರಿದಿದೆ, ನೀರೆಲ್ಲಾ ಗೋಡೆ ಬುಡಕ್ಕೇ ಸುರೀತಾ ಇದೆ. ಹಿಂದಿನ ಓಣಿಯ ರಸ್ತೆಯೂ ನಮ್ಮ ನೆಲಕ್ಕಿಂತ ಎತ್ತರ ಇದೆ.

ಅನಗೋಳ ಪೈಲ್ವಾನ್

ಹಾಗಾದರೆ ನಿನಗೆ ಎರಡು ತೊಂದರೆ ಒಟ್ಟಿಗೆ ಬಂದಿವೆ. ಹಿಂದಿನ ಗೋಡೆಗೆ ಪೈಪ್ ನೀರು, ಉಳಿದ ಕಡೆ ಹಸಿ ಕಾಂಕ್ರೀಟ್, ನಡುವಿನ ಬಿಳಿ ಪುಡಿ ಅದರದೇ ಗುರುತು. 28 ದಿನ ಅಂತ ಎಲ್ಲರೂ ಹೇಳೋದು ಕಾಂಕ್ರೀಟ್ ಗಟ್ಟಿಯಾಗುವ ಲೆಕ್ಕ, ಒಣಗುವ ಲೆಕ್ಕ ಅಲ್ಲ. ಒಣಗೋದಕ್ಕೆ ಇಂಚಿಗೆ ಒಂದು ತಿಂಗಳು ಅಂತ ಅಂದಾಜು ಇಟ್ಟುಕೋ. 4 ಇಂಚಿಗೆ ನಾಲ್ಕು ತಿಂಗಳು, ಅದೂ ಗಾಳಿ ಬಿಸಿಲು ಸರಿಯಾಗಿದ್ದರೆ. ಒಂದು ತಿಂಗಳೂ ತುಂಬುವ ಮುಂಚೆ ರಬ್ಬರ್ ಮುಚ್ಚಳ ಹಾಕಿಬಿಟ್ಟಿದ್ದೀರಿ, ಒಳಗಿನ ನೀರು ಹೋಗೋದೆಲ್ಲಿಗೆ?

ಪೈಪ್ ನಾಳೆಯೇ ಸರಿ ಮಾಡಿಸು, ನೀರು ಗಟಾರಕ್ಕೇ ಬೀಳಬೇಕು. ಗೋಡೆ ಗುಂಟ ಹೊರಗೆ ಎರಡು ಅಡಿ ಅಗಲ ಇಳಿಜಾರು ಕಾಂಕ್ರೀಟ್ ಹಾಕಿಸು, ಇಳಿಜಾರು ಗೋಡೆಯಿಂದ ಆಚೆಗೆ ಇರಲಿ. ಇದು ಸಣ್ಣ ಖರ್ಚು, ಇದರಲ್ಲೇ ಅರ್ಧ ತೊಂದರೆ ಹೋಗುತ್ತದೆ.

ಒಳಗೆ, ಹಿಂದಿನ ಗೋಡೆಯಿಂದ ಆರೇಳು ಅಡಿ ಟೈಲ್ಸ್ ಪೂರ್ತಿ ಎತ್ತಿಬಿಡು. ಬರೀ ನೀರಿನಲ್ಲಿ ಬ್ರಶ್ ಹಾಕಿ ತೊಳೆದು ನೆರಳಲ್ಲಿ ಅಂಚಿನ ಮೇಲೆ ನಿಲ್ಲಿಸಿ ಒಣಗಿಸು. ಅವು ಹಾಳಾಗಿಲ್ಲ, ಎಸೆಯಬೇಡ. ಹಳೇ ಗಮ್ ಕೆರೆದು ತೆಗೆಸು. ಅದಕ್ಕೆ ಸೀಮೆಎಣ್ಣೆ, ಥಿನ್ನರ್ ಹಾಕಬೇಡ, ಎರಡೂ ರಬ್ಬರನ್ನು ತಿಂತವೆ. ಬೆಳಗಾವಿ ಜಿಟಿಜಿಟಿ ಮಳೆಯಲ್ಲಿ ನೆಲ ಬೇಗ ಒಣಗಲ್ಲ, ಆ ಭಾಗ ಬರಿದಾಗಿ ಬಿಟ್ಟು ಫ್ಯಾನ್ ಹಾಕು. ಮಷೀನುಗಳನ್ನು ಮುಂದಕ್ಕೆ ಸರಿಸು. ಜಿಮ್ ಮುಚ್ಚೋದು ಬೇಡ, ಅರ್ಧ ಜಾಗದಲ್ಲಿ ನಡೆಸು, ನಿನ್ನ ಹುಡುಗರಿಗೆ ವಿಷಯ ಹೇಳಿದರೆ ಅರ್ಥ ಮಾಡಿಕೊಳ್ತಾರೆ.

ಒಣಗಿದೆಯಾ ಅಂತ ನೋಡೋದಕ್ಕೆ ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರೀ ಕಾಂಕ್ರೀಟ್ ಮೇಲೆ ನಾಲ್ಕೂ ಕಡೆ ಟೇಪ್ ಹಾಕಿ ಮುಚ್ಚು. ಒಂದು ದಿನ ಬಿಟ್ಟು ನೋಡು. ಹಾಳೆಯ ಒಳಗೆ ಹನಿ ಕಟ್ಟಿದ್ದರೆ, ಕೆಳಗಿನ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಹಸಿ ಇದೆ. ಒಂದೇ ಕಡೆ ಅಲ್ಲ, ನಾಲ್ಕೈದು ಕಡೆ ಮಾಡು. ಇನ್ನೊಂದು ಮಾತು, ಇದನ್ನು ಬರೀ ಏಪ್ರಿಲ್‌ನಲ್ಲಿ ಮಾಡಿ ನೆಲ ಒಣಗಿದೆ ಅಂತ ನಂಬಬಾರದು. ನಮ್ಮೂರಲ್ಲಿ ಬೇಸಿಗೆಯಲ್ಲಿ ಎಲ್ಲಾ ನೆಲವೂ ಒಣಗಿದ ಹಾಗೇ ಕಾಣುತ್ತದೆ, ನಿಜ ಗೊತ್ತಾಗೋದು ಜುಲೈನಲ್ಲಿ.

ನಾನು ಚಿಕ್ಕವನಿದ್ದಾಗ ಗರಡಿಗೆ ಹೋಗ್ತಿದ್ದೆ. ಅಲ್ಲಿ ದಿನಾ ಬೆಳಿಗ್ಗೆ ಯಾರಾದರೂ ಮಣ್ಣಿಗೆ ಸಲಿಕೆ ಹಾಕಿ ತಿರುವಿ, ಗಾಳಿಯಾಡಿಸಿ, ಎಣ್ಣೆ ಮಜ್ಜಿಗೆ ಅರಿಶಿಣ ಬೆರೆಸಿ ಹದ ಮಾಡಿದ ಮೇಲೇ ಉಳಿದವರು ಇಳೀತಿದ್ದರು. ಮಣ್ಣು ಬಿಗಿದಿದ್ದರೆ ಉಸ್ತಾದರು ಆ ದಿನ ಕುಸ್ತಿಗೆ ಬಿಡ್ತಿರಲಿಲ್ಲ. ಜಿಮ್ ನೆಲವನ್ನೂ ನಾನು ಹಾಗೇ ನೋಡ್ತೀನಿ.

ವಿಜಯಪುರ ಸೈಟ್

ಪೈಲ್ವಾನರು ಹೇಳಿದ್ದು ಸರಿ ಇದೆ. ನಾನು ಸಿವಿಲ್ ಕೆಲಸ ಮಾಡೋನು, ಡೆಡ್‌ಲಿಫ್ಟ್ ಮೂಲೆ ಬಗ್ಗೆ ಹೇಳ್ತೀನಿ.

20 ಎಂಎಂ ರಬ್ಬರ್ ಡಂಬಲ್ ಇಡೋದಕ್ಕೆ ಸಾಕು, 150 ಕೆಜಿ ಬಾರ್ ಮೇಲಿಂದ ಬಿಡೋದಕ್ಕೆ ಸಾಲದು. ಪೆಟ್ಟು ಒಂದೇ ಕಡೆ ಬೀಳುತ್ತದೆ, ಅದನ್ನು ಹರಡಬೇಕು. 8 ಅಡಿ × 8 ಅಡಿ ಕಟ್ಟೆ ಮಾಡಿಸಿ. 18 ಎಂಎಂ ಪ್ಲೈವುಡ್‌ನ 8×4 ಹಾಳೆ ಎರಡು ಉದ್ದಕ್ಕೆ, ಅದರ ಮೇಲೆ ಇನ್ನೆರಡು ಅಡ್ಡಕ್ಕೆ, ಸಂದಿ ಸಂದಿಯ ಮೇಲೆ ಬರಬಾರದು. ಮೂರನೇ ಪದರದಲ್ಲಿ ನಿಲ್ಲುವ ಜಾಗಕ್ಕೆ ನಡುವೆ ಒಂದು ಪ್ಲೈ, ಪ್ಲೇಟ್ ಬೀಳುವ ಎರಡೂ ಬದಿಗೆ ಎರಡೆರಡು ಅಡಿ ರಬ್ಬರ್. ಬೆಳಗಾವಿಯ ತೇವಕ್ಕೆ ಮರೈನ್ ಪ್ಲೈಯನ್ನೇ (ನೀರು ತಡೆಯುವ ಪ್ಲೈವುಡ್) ತಗೊಳ್ಳಿ. ಕಟ್ಟೆ ಮಾಡುವ ಮುಂಚೆ ಸುತ್ತಿಗೆಯಿಂದ ಕಾಂಕ್ರೀಟ್ ಮೆಲ್ಲಗೆ ತಟ್ಟಿ ನೋಡಿ. ಪೊಳ್ಳು ಸದ್ದು ಬಂದ ಕಡೆ ಒಡೆದು ಮತ್ತೆ ತುಂಬಿಸಿ.

ಮಹಡಿ ಮೇಲೆ ಜಿಮ್ ಮಾಡುವವರೂ ಇದನ್ನು ಓದ್ತಾ ಇರಬಹುದು. ಮನೆಗೆ ಅಂತ ಹಾಕಿದ ಸ್ಲ್ಯಾಬ್‌ನ ಲೆಕ್ಕ ಚದರ ಮೀಟರ್‌ಗೆ ಸುಮಾರು 200 ಕೆಜಿ. ಅದರ ಮೇಲೆ ರ್‍ಯಾಕ್, ಪ್ಲೇಟ್ ಎಲ್ಲಾ ಒಂದೇ ಕಡೆ ಒಟ್ಟುವ ಮುಂಚೆ ಇಂಜಿನಿಯರಿಗೆ ತೋರಿಸಿ, ದಯವಿಟ್ಟು.

ನಮ್ಮ ಕಡೆ ಮಳೆಗಿಂತ ಬೇಸಿಗೆಯೇ ಕಾಟ. ಪತ್ರಾಸ್ (ತಗಡಿನ) ಶೆಡ್‌ನ ಒಂದು ಜಿಮ್‌ನಲ್ಲಿ ಬೆಳಗಿನ ತಂಪಿನಲ್ಲಿ ಗೋಡೆಯಿಂದ ಗೋಡೆಗೆ ಬಿಗಿಯಾಗಿ ಟೈಲ್ಸ್ ಕೂರಿಸಿದ್ದರು, ಮಧ್ಯಾಹ್ನ ನಡುವೆ ರೊಟ್ಟಿ ಉಬ್ಬಿದ ಹಾಗೆ ಉಬ್ಬಿತ್ತು. ಗೋಡೆ ಸುತ್ತ ಕನಿಷ್ಠ 8-10 ಎಂಎಂ ಸಂದಿ ಬಿಡಲೇಬೇಕು. ಟೈಲ್ಸ್ ಬಂದ ದಿನವೇ ಹಾಕಬೇಡಿ, ಅದೇ ಕೋಣೆಯಲ್ಲಿ ಒಂದೆರಡು ದಿನ ಬಿಚ್ಚಿ ಇಡಿ. ಎರೆ ಭೂಮಿಯಲ್ಲಿ ಕಟ್ಟುವವರು ಎರೆ ಮಣ್ಣು ತೆಗೆಸಿ ಗರಸು (ಗಟ್ಟಿ ಕಲ್ಲುಮಣ್ಣು) ತುಂಬಿಸದೆ ನೆಲ ಹಾಕಿಸಲೇಬೇಡಿ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಕಾಂಕ್ರೀಟೂ ಅದರ ಜೊತೆ ಬಿರಿಯುತ್ತದೆ.

ನವನಗರ ಫಿಟ್‌ನೆಸ್

ಬಾಗಲಕೋಟೆಯಿಂದ. ನನ್ನದೂ ಒಂದು ಸೇರಿಸ್ತೀನಿ. ವಿನೈಲ್ ನೆಲದ ಮೇಲೆ ನೇರವಾಗಿ ಕಪ್ಪು ರಬ್ಬರ್ ಮ್ಯಾಟ್ ಹಾಸಿ ಟ್ರೆಡ್‌ಮಿಲ್ ಇಟ್ಟಿದ್ದೆ. ಆಮೇಲೆ ಎತ್ತಿದಾಗ ಹಳದಿ ಕಂದು ಕಲೆ, ಏನು ಹಾಕಿ ಉಜ್ಜಿದರೂ ಹೋಗಲಿಲ್ಲ. ಅದು ಕೊಳೆ ಅಲ್ಲ, ರಬ್ಬರಿನಲ್ಲಿರುವ ರಾಸಾಯನಿಕ ವಿನೈಲ್ ಒಳಗೇ ಇಳಿದಿರುತ್ತದೆ. ಎರಡನ್ನೂ ಮೈಗೆ ಮೈ ತಾಗಿಸಬೇಡಿ.

ಟಿಳಕವಾಡಿ ಜಿಮ್ (ನವೆಂಬರ್)

ಎಲ್ಲರಿಗೂ ವರದಿ ಒಪ್ಪಿಸಲೇಬೇಕು. ಪೈಪ್ ಸರಿ ಮಾಡಿಸಿದ ಹತ್ತು ದಿನಕ್ಕೇ ಗೋಡೆ ಬುಡದ ಕಪ್ಪು ಬಣ್ಣ ತಿಳಿಯಾಯಿತು. ಆಗಸ್ಟ್‌ನಲ್ಲಿ ಪ್ಲಾಸ್ಟಿಕ್ ಹಾಳೆ ಹಾಕಿದರೆ ಐದರಲ್ಲಿ ನಾಲ್ಕು ಕಡೆ ಹನಿ ಕಟ್ಟಿತ್ತು, ಸೆಪ್ಟೆಂಬರ್ ಕೊನೆಗೆ ಎರಡು ಕಡೆ, ಹೋದ ವಾರ ಒಂದೂ ಇಲ್ಲ. ಕಾಯುತ್ತಾ ಇದ್ದಾಗ ನಡುವಿನ ಟೈಲ್ಸ್ ಕೂಡ ಎತ್ತಿ ಒಣಗಲು ಬಿಟ್ಟೆ. ಪ್ಲೈ ಕಟ್ಟೆ ಉದ್ಯಮಬಾಗ ಹತ್ತಿರದ ಬಡಗಿಯೊಬ್ಬರು ಮಾಡಿಕೊಟ್ಟರು, ಬಾರ್ ಬಿದ್ದಾಗ ಸದ್ದೇ ಬೇರೆ ಈಗ, ಮಂದವಾಗಿ ಕೇಳಿಸುತ್ತದೆ. 210 ಟೈಲ್ಸ್‌ನಲ್ಲಿ ಎಸೆಯಬೇಕಾಗಿ ಬಂದದ್ದು ಬರೀ ಆರು.

ಈಗ ಕೊನೆಯ ಪ್ರಶ್ನೆ. ಮತ್ತೆ ಗಮ್ ಹಾಕಲಾ, ಸುಮ್ನೆ ಇಡಲಾ? ಮತ್ತೆ ಕೆಲಸದವಳು ದಿನಾ ಬಕೆಟ್ ನೀರು ಚೆಲ್ಲಿ ಫಿನಾಯಿಲ್ ಹಾಕ್ತಾಳೆ, ಅದು ನಡೀತದಾ?

ಅನಗೋಳ ಪೈಲ್ವಾನ್

ಓದಿ ಹೊಟ್ಟೆ ತಂಪಾಯಿತು ತಮ್ಮಾ. ಗಮ್ ಬೇಡ. ನಿನ್ನ ಕಾಂಕ್ರೀಟ್ ಅಡಿಗೆ ಪಾಲಿಥಿನ್ ಇಲ್ಲ, ಆದ್ದರಿಂದ ಮುಂದಿನ ಮಳೆಗೂ ಸ್ವಲ್ಪ ತೇವ ಏರೇ ಏರುತ್ತದೆ. ಮೊದಲು ಬಿಳಿ ಪುಡಿಯನ್ನು ತಂತಿ ಬ್ರಶ್ ಹಾಕಿ ಉಜ್ಜಿ ಗುಡಿಸಿ, ತೇವ ತಡೆಯುವ ಎಪಾಕ್ಸಿ (ಬಣ್ಣದ ಹಾಗೆ ಹಚ್ಚಿ ಗಟ್ಟಿಯಾಗುವ ಲೇಪ) ಎರಡು ಕೈ ಹೊಡೆಸು. ಅದರ ಮೇಲೆ ಟೈಲ್ಸ್ ಸುಮ್ನೆ ಇಡು. ಮೀಟರ್ ಚೌಕದ 20 ಎಂಎಂ ಟೈಲ್ ಹೆಚ್ಚುಕಮ್ಮಿ 20 ಕೆಜಿ ಇರುತ್ತದೆ, ತನ್ನ ಭಾರಕ್ಕೇ ಕೂತಿರುತ್ತದೆ. ನಿನ್ನವು ಅದಕ್ಕಿಂತ ಚಿಕ್ಕವು, ಅಂಚಿಗೆ ಒಂದಕ್ಕೊಂದು ಜೋಡಿಸುವ ಪಿನ್ ಇದ್ದರೆ ಅದೇ ಸಾಕು. ಬಾಗಿಲ ಹತ್ತಿರದ ಸಾಲಿಗೆ ಮಾತ್ರ ಎರಡೂ ಕಡೆ ಅಂಟುವ ಟೇಪ್ ಹಾಕು, ಅಲ್ಲಿ ಓಡಾಟ ಜಾಸ್ತಿ.

ಬಕೆಟ್ ನೀರು ನಿಲ್ಲಿಸು. ಚೆಲ್ಲಿದ ನೀರು ಸಂದಿಯಲ್ಲಿ ಇಳಿದು ಅಲ್ಲೇ ಕೂರುತ್ತದೆ. ಮೊದಲು ವ್ಯಾಕ್ಯೂಮ್ ಅಥವಾ ಪೊರಕೆ, ಆಮೇಲೆ ಚೆನ್ನಾಗಿ ಹಿಂಡಿದ ಮಾಪ್, ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು, ಅಷ್ಟೇ. ಫಿನಾಯಿಲ್ ಬಾತ್‌ರೂಮಿಗೆ ಇರಲಿ. ಮುಂದಿನ ಜೂನ್‌ನಿಂದ ತಿಂಗಳಿಗೊಮ್ಮೆ ಹಿಂದಿನ ಗೋಡೆ ಹತ್ತಿರದ ಒಂದು ಟೈಲ್ ಎತ್ತಿ ಕೆಳಗೆ ಕೈ ಇಟ್ಟು ನೋಡು, ಏನು ಕಂಡರೂ ಫೋಟೋ ತೆಗೆದು ಇಲ್ಲೇ ಹಾಕು.