47ಆರ್‌ಇ ಗೇರ್‌ಬಾಕ್ಸ್ ಮತ್ತೆ ಬಿಚ್ಚಬೇಕಾಗಿದೆ, ಟಾರ್ಕ್ ಕನ್ವರ್ಟರ್ ಯಾವುದು ಹಾಕಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗಾಡಿ 2001ರ ಡಾಡ್ಜ್ ರಾಮ್ 2500. 5.9 ಲೀಟರ್ ಕಮಿನ್ಸ್ ಡೀಸೆಲ್, 24 ವಾಲ್ವ್. ಗೇರ್‌ಬಾಕ್ಸ್ 47ಆರ್‌ಇ ಆಟೋಮ್ಯಾಟಿಕ್. ಟ್ರೈಲರ್ ಎಳೆಯುವುದೇ ಇದರ ಮುಖ್ಯ ಕೆಲಸ. ಡೀಸೆಲ್ ಸ್ವಲ್ಪ ಜಾಸ್ತಿ ಕೊಡುವ ಬಾಕ್ಸ್ ಹಾಕಿದ್ದೇನೆ, ಟರ್ಬೊ ಮೊದಲಿನದ್ದೇ ಇದೆ.

ಹೋದ ವರ್ಷ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿಸಿ ಕ್ಲಚ್ ಪ್ಲೇಟು, ಬ್ಯಾಂಡು (ಒಳಗಿನ ಡ್ರಮ್ಮನ್ನು ಬಿಗಿದು ಹಿಡಿಯುವ ಪಟ್ಟಿ), ಸೀಲು ಎಲ್ಲ ಹೊಸದು ಹಾಕಿಸಿದೆ. ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಮಾತ್ರ ಚೆನ್ನಾಗಿದೆ ಅಂತ ಹಳೆಯದನ್ನೇ ಕೂರಿಸಿದರು. ಈಗ ಲಾಕಪ್ (ಕನ್ವರ್ಟರ್ ಒಳಗಿನ ಕ್ಲಚ್ ಹಿಡಿದು ಇಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಸೇರಿಸುವುದು) ಆಗುವಾಗ ಜಲ್ಲಿ ರಸ್ತೆ ಮೇಲೆ ಹೋದ ಹಾಗೆ ಗಡಗಡ ಅನ್ನುತ್ತದೆ. ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಇಂಜಿನ್ ಒಂದು ಕ್ಷಣ ಖಾಲಿ ರೇಸ್ ಆಗುತ್ತದೆ. ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದೆ. ಬೆಳಿಗ್ಗೆ ಡ್ರೈವ್‌ಗೆ ಹಾಕಿದರೆ ಗಾಡಿ ಹೊರಡುವುದೂ ತಡ.

ಮತ್ತೆ ಬಿಚ್ಚಲೇಬೇಕು ಅಂತ ಗೊತ್ತು. ಈ ಸಲ ಕನ್ವರ್ಟರ್ ಹೊಸದೇ ಹಾಕಬೇಕು. ಒಬ್ಬರು ಟ್ರಿಪಲ್ ಡಿಸ್ಕ್ (ಲಾಕಪ್ ಕ್ಲಚ್ಚಿಗೆ ಮೂರು ಪ್ಲೇಟು) ಅಂತಾರೆ, ಇನ್ನೊಬ್ಬರು 1800 ಸ್ಟಾಲ್ (ಗಾಡಿ ಕದಲದಂತೆ ಹಿಡಿದಾಗ ಇಂಜಿನ್ ಏರಬಲ್ಲ ಆರ್‌ಪಿಎಂ) ಸಾಕು ಅಂತಾರೆ. ಯಾವುದು ತಗೊಳ್ಳಲಿ?

ಉತ್ತರ

ಸರ್, ದಯವಿಟ್ಟು ಈಗಲೇ ಕನ್ವರ್ಟರ್ ಆರ್ಡರ್ ಮಾಡಬೇಡಿ. ಹೊಸ ಪ್ಲೇಟು ಒಂದೇ ವರ್ಷಕ್ಕೆ ಯಾಕೆ ಸುಟ್ಟವು ಅನ್ನುವುದು ಮೊದಲು ಗೊತ್ತಾಗಬೇಕು. ಅದು ಸಿಗದೆ ಎಷ್ಟೇ ಒಳ್ಳೆಯ ಕನ್ವರ್ಟರ್ ಹಾಕಿದರೂ ಮತ್ತೆ ಇದೇ ಕಥೆ. ಗೇರ್‌ಬಾಕ್ಸ್ ಇನ್ನೂ ಗಾಡಿಯಲ್ಲೇ ಇದೆಯಲ್ವಾ, ಅದೇ ಒಳ್ಳೆಯದು. ಕೆಳಗಿಳಿಸಿದ ಮೇಲೆ ಈ ಪರೀಕ್ಷೆ ಯಾವುದೂ ಮಾಡೋಕಾಗಲ್ಲ.

ಲಾಕಪ್ ಜಾರುತ್ತಿದೆಯಾ ಅಂತ ಲೆಕ್ಕ ಹಾಕಿಯೇ ನೋಡಬಹುದು. ಗಂಟೆಗೆ 60 ಮೈಲಿ ಅಂದರೆ ನಿಮಿಷಕ್ಕೆ ಒಂದು ಮೈಲಿ. 265/75 ಆರ್16 ಟೈರು ಒಂದು ಮೈಲಿಗೆ ಸುಮಾರು 655 ಸುತ್ತು ತಿರುಗುತ್ತದೆ. ಹಿಂದಿನ ಆಕ್ಸಲ್ 3.54 ಇದ್ದರೆ, ನಾಲ್ಕನೇ ಗೇರಿನ 0.69 ಸೇರಿಸಿ ಗುಣಿಸಿ: 1600 ಬರುತ್ತದೆ. ಲಾಕ್ ಆಗಿದ್ದಾಗ ಆರ್‌ಪಿಎಂ ಅಲ್ಲೇ ನಿಲ್ಲಬೇಕು. ಏರಿನಲ್ಲಿ, ಲೋಡ್ ಇದ್ದಾಗ, ವೇಗ ಅಷ್ಟೇ ಇದ್ದು ಮುಳ್ಳು ಮೇಲೆ ಹೋದರೆ ಎರಡು ಸಾಧ್ಯತೆ: ಕಂಪ್ಯೂಟರ್ರೇ ಲಾಕಪ್ ಬಿಟ್ಟಿದೆ, ಇಲ್ಲಾ ಕ್ಲಚ್ ಜಾರುತ್ತಿದೆ. ಆಕ್ಸಿಲರೇಟರ್ ಹಾಗೇ ಇಟ್ಟು ಎಡಗಾಲಲ್ಲಿ ಬ್ರೇಕ್ ಪೆಡಲ್ ಮುಟ್ಟಿದಷ್ಟೇ ಮಾಡಿ. ಬ್ರೇಕ್ ಸ್ವಿಚ್ ತಾಗಿದ ತಕ್ಷಣ ಲಾಕಪ್ ಬಿಡುತ್ತದೆ. ಮುಳ್ಳು ಇನ್ನೂ ಮೇಲೆ ಹಾರಿದರೆ ಅಲ್ಲಿವರೆಗೆ ಲಾಕಪ್ ಆನ್ ಇತ್ತು, ಜಾರುತ್ತಿತ್ತು ಅಂತ ಅರ್ಥ.

ಎರಡನೆಯದು ಎಣ್ಣೆಯ ಒತ್ತಡ. ನನ್ನ ಪ್ರಕಾರ ನಿಮ್ಮ ಉತ್ತರ ಇಲ್ಲೇ ಇದೆ. ಗೇರ್‌ಬಾಕ್ಸಿನ ಅಕ್ಯುಮುಲೇಟರ್ ಪೋರ್ಟಿಗೆ (ಒತ್ತಡ ಅಳೆಯುವ ತೂತು) ಗೇಜ್ ಹಾಕಿ. ಚಕ್ರ ನೆಲ ಬಿಟ್ಟಿರಲಿ, ಗಾಡಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂತಿರಲಿ, ಒಳಗೆ ಇನ್ನೊಬ್ಬರು ಇರಲಿ. ಗೇರ್ 1ರಲ್ಲಿ, 1000 ಆರ್‌ಪಿಎಂ. ಗೇರ್‌ಬಾಕ್ಸಿನ ಎಡಗಡೆ, ಆಕ್ಸಿಲರೇಟರ್ ಪೆಡಲ್ ಎಷ್ಟು ಒತ್ತಿದೆ ಅಂತ ಕೇಬಲ್ ಮೂಲಕ ತಿಳಿಸುವ ಥ್ರಾಟಲ್ ಲಿವರ್ ಇದೆ. ಅದು ಪೂರ್ತಿ ಮುಂದಿದ್ದಾಗ 54ರಿಂದ 60 ಪಿಎಸ್‌ಐ ಬರಬೇಕು. ಲಿವರ್ ಹಿಂದಕ್ಕೆ ತಳ್ಳುತ್ತಾ ಹೋದ ಹಾಗೆ 90ರಿಂದ 96ಕ್ಕೆ ಏರಬೇಕು. ಇದು ಸರ್ವಿಸ್ ಮ್ಯಾನ್ಯುವಲ್ ಹೇಳುವ ಲೆಕ್ಕ. ಒಮ್ಮೆ ಲಿವರನ್ನು ಕೈಯಲ್ಲೇ ತಳ್ಳಿ ನೋಡಿ. ಆಮೇಲೆ ಇಂಜಿನ್ ಆಫ್ ಮಾಡಿ, ಇನ್ನೊಬ್ಬರ ಕೈಲಿ ಪೆಡಲ್ ಪೂರ್ತಿ ಒತ್ತಿಸಿ, ಅದೇ ಲಿವರ್ ಎಲ್ಲಿವರೆಗೆ ಬರುತ್ತದೆ ಅಂತ ಕಣ್ಣಾರೆ ನೋಡಿ. ಎರಡೂ ಒಂದೇ ಆಗಿರಬೇಕು.

ಬೆಳಿಗ್ಗೆಯ ತಡ ಬೇರೆ ವಿಷಯ. ರಾತ್ರಿ ಕನ್ವರ್ಟರಿನಿಂದ ಎಣ್ಣೆ ಕೆಳಗಿಳಿದಿರುತ್ತದೆ. ಈ ಗೇರ್‌ಬಾಕ್ಸಿನಲ್ಲಿ ಪಾರ್ಕ್‌ನಲ್ಲಿ ಕನ್ವರ್ಟರಿಗೆ ಎಣ್ಣೆ ಹೋಗಲ್ಲ. ಸ್ಟಾರ್ಟ್ ಮಾಡಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಸ್ವಲ್ಪ ಹೊತ್ತು ನ್ಯೂಟ್ರಲ್‌ನಲ್ಲಿ ಬಿಡಿ. ಎಣ್ಣೆ ಮಟ್ಟ ನೋಡುವುದೂ ನ್ಯೂಟ್ರಲ್‌ನಲ್ಲೇ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಸರ್. ಆಕ್ಸಲ್ 3.54, ಟೈರು ನೀವು ಹೇಳಿದ ಸೈಜೇ. ಸಮತಟ್ಟಿನಲ್ಲಿ 60ಕ್ಕೆ 1600. ಟ್ರೈಲರ್ ಕಟ್ಟಿ ಏರು ಹತ್ತಿಸಿದರೆ 1850ರ ಹತ್ತಿರ ಹೋಗುತ್ತದೆ. ಬ್ರೇಕ್ ಮುಟ್ಟಿದರೆ ಇನ್ನೂ ಮೇಲೆ ಹಾರುತ್ತದೆ. ಕೈಯಲ್ಲಿ ಲಿವರ್ ತಳ್ಳಿದಾಗ 56ರಿಂದ 92ಕ್ಕೆ ಹೋಯಿತು. ಆದರೆ ಪೆಡಲ್ ಪೂರ್ತಿ ಒತ್ತಿದರೂ ಲಿವರ್ ಅರ್ಧ ದಾರಿ ದಾಟಿದರೆ ಹೆಚ್ಚು. ಕೇಬಲ್ ಸಡಿಲ ಇದೆ.

ಉತ್ತರ

ಸಿಕ್ಕಿತು ನೋಡಿ. ಪಂಪು, ವಾಲ್ವ್ ಬಾಡಿ ಸರಿ ಇವೆ. ಇಂಜಿನ್ ಪೂರ್ತಿ ಶಕ್ತಿ ಹಾಕುವಾಗಲೂ ಗೇರ್‌ಬಾಕ್ಸಿಗೆ ಅರ್ಧ ಪೆಡಲ್ ಅಂತಲೇ ಸುದ್ದಿ ಹೋಗುತ್ತಿತ್ತು. ಒತ್ತಡ ಕಮ್ಮಿ, ಹಿಡಿತ ಕಮ್ಮಿ. ಮೂರನೇ ಗೇರಿಗೆ ಹೋಗುವಾಗ ಬ್ಯಾಂಡ್ ಬಿಟ್ಟು ಫ್ರಂಟ್ ಕ್ಲಚ್ ಹಿಡಿಯಬೇಕು. ಅದು ತಡವಾಗಿ ಹಿಡಿದದ್ದಕ್ಕೇ ಆ ಖಾಲಿ ರೇಸು. ಲಾಕಪ್ ಕ್ಲಚ್ಚನ್ನು ಒತ್ತುವುದೂ ಇದೇ ಎಣ್ಣೆ. ಇಂಜಿನ್ ಪಕ್ಕದ ಲಿವರ್ ಐಡಲ್‌ನಿಂದ ಕದಲಿದ ಕ್ಷಣವೇ ಗೇರ್‌ಬಾಕ್ಸ್ ಲಿವರೂ ಕದಲಬೇಕು, ಕೇಬಲ್ಲನ್ನು ಹಾಗೆ ಹೊಂದಿಸಿ. ಆದರೆ ಸುಟ್ಟ ಪ್ಲೇಟು ಇದರಿಂದ ವಾಪಸ್ ಬರಲ್ಲ, ಬಿಚ್ಚುವುದು ತಪ್ಪಲ್ಲ.

ಈಗ ಕನ್ವರ್ಟರ್ ವಿಷಯ. 1800 ಸ್ಟಾಲ್ ಅಂತ ಬರೀ ಸಂಖ್ಯೆ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಯಾವ ಟಾರ್ಕಿಗೆ 1800 ಅಂತ ಕೇಳಿ. ನಿಮ್ಮ ಇಂಜಿನ್ ಕಾರ್ಖಾನೆಯಿಂದ ಬಂದಾಗ 1600 ಆರ್‌ಪಿಎಂನಲ್ಲಿ 460 ಪೌಂಡ್-ಅಡಿ ಟಾರ್ಕ್. ಸ್ಟಾಲ್ ವೇಗ ಟಾರ್ಕಿನ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. 460ಕ್ಕೆ 1800 ಕೊಡುವ ಕನ್ವರ್ಟರ್, ಟಾರ್ಕ್ 700 ಆದರೆ 2200ಕ್ಕೆ ಹೋಗುತ್ತದೆ. ಅಲ್ಲಿ ಟ್ರೈಲರ್ ಎಳೆದರೆ ಶಕ್ತಿಯೆಲ್ಲ ಎಣ್ಣೆ ಬಿಸಿ ಮಾಡೋಕೇ ಹೋಗುತ್ತದೆ. ಹಾಗಂತ ತೀರಾ ಬಿಗಿ ಆದರೆ ನಿಂತಲ್ಲಿಂದ ಹೊರಡುವಾಗ ಟರ್ಬೊ ಏಳುವುದೇ ಇಲ್ಲ, ಬರೀ ಹೊಗೆ. ನಿಮ್ಮ ಟರ್ಬೊ ಮೊದಲಿನದ್ದೇ, ಬೇಗ ಏಳುತ್ತದೆ. ಆದ್ದರಿಂದ ಬಾಕ್ಸ್ ಆನ್ ಇರುವಾಗಿನ ಟಾರ್ಕ್, ಟರ್ಬೊ, ಟೈರು, ಆಕ್ಸಲ್, ಟ್ರೈಲರ್ ತೂಕ, ಎಲ್ಲ ತಯಾರಕರಿಗೆ ಹೇಳಿ, ಆ ಟಾರ್ಕಿಗೆ 1800 ದಾಟದ ಹಾಗೆ ಕೇಳಿ.

ಟ್ರಿಪಲ್ ಡಿಸ್ಕ್ ನಿಮಗೆ ಬೇಡ ಅನ್ನುತ್ತೇನೆ. ಅದು ಗಟ್ಟಿ, ನಿಜ. ಆದರೆ ಲಾಕ್ ಆಗುವಾಗ ಹೊಡೆತ ಜೋರು, ಆ ಹೊಡೆತ ಇನ್‌ಪುಟ್ ಶಾಫ್ಟಿಗೆ ಬೀಳುತ್ತದೆ. ಅದಕ್ಕೆ ಬಿಲೆಟ್ (ಗಟ್ಟಿ ಉಕ್ಕಿನ ದಿಮ್ಮಿಯಿಂದ ಕಡೆದ) ಶಾಫ್ಟೂ ಹಾಕಬೇಕಾಗುತ್ತದೆ. ನಿಮ್ಮ ಕೆಲಸಕ್ಕೆ ಬಿಲೆಟ್ ಮುಂಗವರ್ ಇರುವ ಒಳ್ಳೆಯ ಸಿಂಗಲ್ ಡಿಸ್ಕ್ ಸಾಕು. ಕವರ್ ಮುಖ್ಯ ಸರ್. ತೆಳು ತಗಡಿನ ಕವರ್ ಒತ್ತಡಕ್ಕೆ ಉಬ್ಬುತ್ತದೆ, ಕ್ಲಚ್ ಸಮವಾಗಿ ಕೂರಲ್ಲ. ಮುಂದೆ ಇಂಜಿನ್ ಶಕ್ತಿ ಇನ್ನೂ ಏರಿಸುವ ಯೋಚನೆ ಇದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಇನ್ನೊಬ್ಬರು

ಒಂದು ಸೇರಿಸುತ್ತೇನೆ. ಗೇರ್‌ಬಾಕ್ಸ್ ಎಣ್ಣೆ ತಣಿಸುವ ಕೂಲರ್ ಮರೀಬೇಡಿ. ಸುಟ್ಟ ಪ್ಲೇಟಿನ ಪುಡಿ ಕೂಲರ್ ಒಳಗೂ, ಲೈನಿನ ಚೆಕ್ ವಾಲ್ವಿನಲ್ಲೂ ಕೂತಿರುತ್ತದೆ. ಸಾಧ್ಯವಾದರೆ ಕೂಲರ್ ಬದಲಿಸಿ, ಲೈನ್ ಪೂರ್ತಿ ತೊಳೆಯಿರಿ. ಗಡಗಡ ಅಲ್ಲದೆ ಲಾಕಪ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿದ್ದರೆ ಆಲ್ಟರ್ನೇಟರ್ ಡಯೋಡ್ ಕೂಡ ನೋಡಿ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ನೋಡಿದರೆ 0.1 ದಾಟಬಾರದು.

ಪ್ರಶ್ನೆ ಕೇಳಿದವರು

ಸಿಂಗಲ್ ಡಿಸ್ಕೇ ತಗೊಳ್ಳುತ್ತೇನೆ. ಈ ಸಲ ಬಿಚ್ಚುವುದು, ಕೂರಿಸುವುದು ನಾನೇ. ಎಲ್ಲಿ ಹುಷಾರಾಗಿರಬೇಕು?

ಉತ್ತರ

ಹಿಂದಿನ ಓವರ್‌ಡ್ರೈವ್ ಭಾಗದಲ್ಲಿ ಒಂದು ದಪ್ಪ ಸ್ಪ್ರಿಂಗ್ ಇದೆ. ಅದರ ಒತ್ತು ಸುಮಾರು 800 ಪೌಂಡ್. ಪ್ರೆಸ್ ಇಲ್ಲದೆ ಅದನ್ನು ಮುಟ್ಟಲೇಬೇಡಿ, ಜೀವಕ್ಕೇ ಅಪಾಯ. ಫ್ರಂಟ್ ಬ್ಯಾಂಡ್ ಸ್ಕ್ರೂ 72 ಇಂಚು-ಪೌಂಡಿಗೆ ಬಿಗಿ ಮಾಡಿ ಆಮೇಲೆ ಸಡಿಲಿಸಬೇಕು. ಎಷ್ಟು ಸುತ್ತು ಅನ್ನುವುದು 46, 47, 48 ಮಾದರಿ ಗೇರ್‌ಬಾಕ್ಸಿಗೆ ಒಂದೇ ಅಲ್ಲ. ನಿಮ್ಮ ವರ್ಷದ ಮ್ಯಾನ್ಯುವಲ್ ನೋಡಿಯೇ ಮಾಡಿ.

ಕನ್ವರ್ಟರಿಗೆ ಮೊದಲೇ ಎಟಿಎಫ್+4 ಗೇರ್‌ಬಾಕ್ಸ್ ಎಣ್ಣೆ ಸ್ವಲ್ಪ ಸುರಿದು, ತಿರುಗಿಸುತ್ತಾ ಒಳಗೆ ತಳ್ಳಿ. ಇನ್‌ಪುಟ್ ಶಾಫ್ಟ್, ಸ್ಟೇಟರ್ ಸಪೋರ್ಟ್, ಪಂಪ್ ಗೇರ್, ಮೂರಕ್ಕೂ ಕೂತು ಕೂತು ಒಳಗೆ ಇಳಿಯುವುದು ಕೈಗೇ ಗೊತ್ತಾಗುತ್ತದೆ. ಗೇರ್‌ಬಾಕ್ಸನ್ನು ಇಂಜಿನ್‌ಗೆ ಸೇರಿಸಿದ ಮೇಲೆ ಕನ್ವರ್ಟರಿಗೂ ಫ್ಲೆಕ್ಸ್‌ಪ್ಲೇಟಿಗೂ (ಇಂಜಿನ್ ಹಿಂದೆ ಕನ್ವರ್ಟರ್ ಬೋಲ್ಟ್ ಮಾಡುವ ತಟ್ಟೆ) ಮಧ್ಯೆ 3ರಿಂದ 5 ಮಿಲಿಮೀಟರ್ ಜಾಗ ಇರಬೇಕು, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಜಾಗವೇ ಇಲ್ಲ ಅಂದರೆ ಪಂಪ್ ಗೇರಿಗೆ ಕೂತಿಲ್ಲ. ಬೋಲ್ಟ್ ಬಿಗಿ ಮಾಡಿ ಎಳೆದುಕೊಳ್ಳೋಣ ಅಂತ ಹೋಗಬೇಡಿ, ಸ್ಟಾರ್ಟ್ ಮಾಡುವ ಮೊದಲೇ ಪಂಪ್ ಒಡೆಯುತ್ತದೆ. ಬಿಚ್ಚಿ ಮತ್ತೆ ಕೂರಿಸಿ.

ಎಣ್ಣೆ ತುಂಬಿ ಕೇಬಲ್ ಹೊಂದಿಸಿದ ಮೇಲೆ, ಟ್ರೈಲರ್ ಕಟ್ಟುವ ಮುಂಚೆ, ಅದೇ ಗೇಜ್ ಮತ್ತೆ ಹಾಕಿ. ಈ ಸಲ ಲಿವರನ್ನು ಕೈಯಲ್ಲಿ ತಳ್ಳಬೇಡಿ, ಪೆಡಲ್ ಒತ್ತಿದಾಗ ಲಿವರೂ ಒತ್ತಡವೂ ಜೊತೆಯಲ್ಲೇ ಏರುತ್ತವಾ ನೋಡಿ. ಬಂದ ಸಂಖ್ಯೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.