ದೇವರ ಮೇಲೆ ಭಾರ ಹಾಕು ಅಂತಾರೆ, ಹಾಗಂದರೆ ನಾನು ಏನು ಮಾಡಬೇಕು?

ಜೀನ್ಸ್ ಟೈಲರ್, ಬಳ್ಳಾರಿ (ಮಂಗಳವಾರ)

ಎಲ್ಲರಿಗೂ ವಂದನೆಗಳು. ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಏಳು ಮಷೀನು, ಐದು ಜನ ಕೆಲಸಗಾರರು. ಕಟಿಂಗ್ ಆದ ಬಟ್ಟೆ ಪಾರ್ಟಿಯವರಿಂದ ಬರುತ್ತದೆ, ನಾವು ಹೊಲಿದು ಕೊಡುತ್ತೇವೆ, ಅಲ್ಲಿಂದ ವಾಷಿಂಗಿಗೆ ಹೋಗುತ್ತದೆ. ಎಲ್ಲಾ ಪೀಸಿನ ಲೆಕ್ಕ. ಪಾರ್ಟಿಯವರು ದುಡ್ಡು ಕೊಟ್ಟಿರಲಿ ಬಿಡಲಿ, ಶನಿವಾರ ಬಂತು ಅಂದರೆ ಬಟವಾಡೆ ಮಾತ್ರ ಮಾಡಲೇಬೇಕು.

ಕಳೆದ ಭಾನುವಾರ ನಮ್ಮ ಸಭಾಪಾಲಕರು ಬೈಬಲಿನಲ್ಲಿ ಪೌಲ ಬರೆದ ಎರಡನೇ ಕೊರಿಂಥ ಪತ್ರದ 1:9 ಇಟ್ಟುಕೊಂಡು ಮಾತಾಡಿದರು. ಆಸ್ಯ ಸೀಮೆಯಲ್ಲಿ ಪೌಲನಿಗೆ ಬದುಕುವ ಆಸೆಯೇ ಹೋಗುವಷ್ಟು ಕಷ್ಟ ಬಂತು, ಅದು ಬಂದದ್ದು ತನ್ನ ಮೇಲೆ ತಾನು ಭರವಸೆ ಇಡದೆ ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಇಡಲಿ ಅಂತ. ಕೇಳುವಾಗ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಊಟಕ್ಕೆ ಕೂರುವಷ್ಟರಲ್ಲಿ ಮತ್ತೆ ಅದೇ ಲೆಕ್ಕ ಶುರು. ರಾತ್ರಿ ಮೊಣಕಾಲೂರಿ "ಕರ್ತನೇ, ಎಲ್ಲಾ ನಿನ್ನ ಕೈಯಲ್ಲಿದೆ" ಅನ್ನುತ್ತೇನೆ, ಬಾಯಿ ಅದನ್ನು ಹೇಳುತ್ತಿರುವಾಗಲೇ ತಲೆ ಇಷ್ಟು ಪೀಸಿಗೆ ಇಷ್ಟು, ಅದರಲ್ಲಿ ಕರೆಂಟ್ ಬಿಲ್ಲು ಕಳೆದರೆ ಇಷ್ಟು, ದಾರಕ್ಕೆ ಇಷ್ಟು ಅಂತ ಓಡುತ್ತಿರುತ್ತದೆ. ಹಾಗಾದರೆ ನಾನು ಪ್ರಾರ್ಥನೆ ಮಾಡುತ್ತಿರುವುದು ಯಾರ ಹತ್ತಿರ? ದೇವರನ್ನು ನಂಬಿದವನು ಕೆಲಸ ಕಡಿಮೆ ಮಾಡಬೇಕಾ? ಲೆಕ್ಕ ಬಿಡಬೇಕಾ?

ಇನ್ನೊಂದು ವಿಷಯ. ಒಬ್ಬ ಹೊಸ ಪಾರ್ಟಿ 800 ಪೀಸು ಕೊಡುತ್ತೇನೆ ಅಂದಿದ್ದಾರೆ, ಮಾಮೂಲಿ ರೇಟಿಗಿಂತ ಪೀಸಿಗೆ 20 ರೂಪಾಯಿ ಜಾಸ್ತಿ. ಸೊಂಟಪಟ್ಟಿಗೆ ಒಂದು ದೊಡ್ಡ ಕಂಪನಿಯ ಲೇಬಲ್ ಹಾಕಿ ಕೊಡಬೇಕು, ಲೇಬಲ್ ಅವರೇ ತಂದುಕೊಡುತ್ತಾರಂತೆ. ಬ್ಯಾಂಕಿನ ಎರಡು ಕಂತು ಬಾಕಿ ಇದೆ. ಒಂದು ಮನಸ್ಸು ಇದೇ ಪ್ರಾರ್ಥನೆಗೆ ಬಂದ ಉತ್ತರ ಅನ್ನುತ್ತಿದೆ. ಶುಕ್ರವಾರದೊಳಗೆ ಹೇಳಬೇಕು.

ಹೊಸಪೇಟೆ ಬ್ರದರ್

ಅಣ್ಣ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೈ ಕೆಸರಾದರೆ ಬಾಯಿ ಮೊಸರು. ದೇವರು ಕೈಕಾಲು ಕೊಟ್ಟಿರುವುದೇ ದುಡಿಯಲಿಕ್ಕೆ, ನಮ್ಮ ಪಾಲಿನದು ನಾವು ಮಾಡಿದರೆ ಉಳಿದದ್ದು ಆತನು ನೋಡಿಕೊಳ್ಳುತ್ತಾನೆ. ಬಂದ ಆರ್ಡರ್ ಬಿಡಬೇಡಿ.

ಎಡದಂಡೆ ರೈತ, ಗಂಗಾವತಿ

ನಿಮ್ಮ ಪ್ರಶ್ನೆ ಓದಿ ನನಗೆ 2024ರ ಆಗಸ್ಟ್ ನೆನಪಾಯಿತು. ನಮ್ಮದು ನಾಲ್ಕು ಎಕರೆ ಭತ್ತ, ಕಾಲುವೆ ನೀರು. ಆ ವರ್ಷ ಡ್ಯಾಂ ತುಂಬಿತ್ತು. ನಾಟಿ ಮಾಡಿ ಒಂದು ವಾರ ಆಗಿತ್ತು, ಇನ್ನೇನು ಚಿಂತೆ ಇಲ್ಲ ಅಂತ ನೆಮ್ಮದಿಯಾಗಿ ಮಲಗುತ್ತಿದ್ದೆ. 10ನೇ ತಾರೀಕು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. 33 ಗೇಟಿನಲ್ಲಿ ಒಂದು. ಬೆಳಿಗ್ಗೆ ಎದ್ದರೆ ಊರೆಲ್ಲಾ ಅದೇ ಮಾತು. ಡ್ಯಾಮಿನ ಮೇಲೆ ಭಾರ ಕಡಿಮೆ ಮಾಡಲು ಉಳಿದ ಗೇಟನ್ನೂ ತೆಗೆದು ನೀರು ಹೊಳೆಗೆ ಬಿಡುತ್ತಿದ್ದರು. ನಮ್ಮ ಬೆಳೆಯ ನೀರು ಕಣ್ಣೆದುರೇ ಹೋಗುತ್ತಿತ್ತು.

ಆ ದಿನ ಬದುವಿನ ಮೇಲೆ ಕೂತೆ. ಗದ್ದೆಯಲ್ಲಿ ಸಸಿ ಇನ್ನೂ ಹಳದಿ ತಿರುಗಿಕೊಂಡೇ ಇತ್ತು, ಬೇರು ಹಿಡಿದಿರಲಿಲ್ಲ. ಬೆರಳಲ್ಲಿ ಎಳೆದರೆ ಕಿತ್ತು ಬರುತ್ತಿತ್ತು. ಅಲ್ಲಿ ಕೂತಾಗ ಗೊತ್ತಾಯಿತು, ನಾನು ಸ್ತೋತ್ರ ಹೇಳುತ್ತಿದ್ದದ್ದು ದೇವರಿಗೆ, ಒರಗಿಕೊಂಡಿದ್ದದ್ದು ಡ್ಯಾಮಿಗೆ. ಅಷ್ಟು ವರ್ಷ ಸಭೆಗೆ ಹೋಗಿ ಬಂದರೂ ಇದು ಗೊತ್ತಿರಲಿಲ್ಲ.

ಒಂದು ವಾರದೊಳಗೆ ಇಂಜಿನಿಯರುಗಳು, ಕೆಲಸಗಾರರು ಹರಿಯುವ ನೀರಿನಲ್ಲೇ ಕಬ್ಬಿಣದ ತುಂಡು ತುಂಡು ಇಳಿಸಿ ಆ ಜಾಗ ಮುಚ್ಚಿದರು. ಆಮೇಲೆ ಮಳೆಯೂ ಬಂತು, ಡ್ಯಾಂ ಮತ್ತೆ ತುಂಬಿತು. ಅವರ ಕೈಯ ಕೆಲಸಕ್ಕೂ ಮಳೆಗೂ ನಾನು ಒಬ್ಬನಿಗೇ ಸ್ತೋತ್ರ ಹೇಳಿದೆ. ಈಗಲೂ ಬೆಳೆ ವಿಮೆ ಕಟ್ಟುತ್ತೇನೆ, ಕಾಲುವೆ ಹೂಳು ತೆಗೆಯುತ್ತೇನೆ, ಮೊದಲಿಗಿಂತ ಕೆಲಸ ಕಡಿಮೆ ಏನೂ ಆಗಿಲ್ಲ. ಆದರೆ ಕಾಲುವೆಗೆ ನೀರು ಬಿಡುವ ತಾರೀಕು ಮುಂದೆ ಹೋದಾಗ ಎದೆ ಹೊಡೆದುಕೊಳ್ಳುವುದು ಕಡಿಮೆ ಆಗಿದೆ. ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲ್ಲ.

ಟೀಚರ್, ರಾಯಚೂರು

ತಮ್ಮ, ನೀವು ಟೈಲರ್ ಅಂದಿರಿ, ಹಾಗಾಗಿ ಒಂದು ವಿಷಯ ಹೇಳಲೇಬೇಕು. ಆ ವಾಕ್ಯ ಬರೆದ ಪೌಲನೂ ಹೊಲಿಗೆಯವನೇ. ಅಪೊಸ್ತಲರ ಕೃತ್ಯಗಳು 18 ನೋಡಿ, ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನುವ ಗಂಡಹೆಂಡತಿಯ ಮನೆಯಲ್ಲಿದ್ದು ಗುಡಾರ ಮಾಡುತ್ತಿದ್ದ. "ನಮ್ಮ ಮೇಲೆ ನಾವು ಭರವಸೆ ಇಡಬಾರದು" ಅಂತ ಅವನು ಬರೆದದ್ದು ಯಾರಿಗೆ? ಅದೇ ಕೊರಿಂಥದವರಿಗೆ. ಅವನು ಕೂತು ದುಡಿದದ್ದನ್ನು ಕಣ್ಣಾರೆ ಕಂಡವರಿಗೆ. ಕೆಲಸ ಬಿಟ್ಟು ಕೂರು ಅನ್ನುವ ಅರ್ಥ ಅದರಲ್ಲಿದ್ದಿದ್ದರೆ ಅವರು ಮೊದಲು ಅವನನ್ನೇ ಕೇಳುತ್ತಿದ್ದರು ಅಲ್ವಾ?

ಈಗ ಲೇಬಲ್ ವಿಷಯ. ಹೊಸಪೇಟೆ ಬ್ರದರ್, ಬೇಜಾರು ಮಾಡಿಕೊಳ್ಳಬೇಡಿ, ನಾನು ಒಪ್ಪಲ್ಲ. ಎರಡನೇ ಪೂರ್ವಕಾಲವೃತ್ತಾಂತ 16ನೇ ಅಧ್ಯಾಯದಲ್ಲಿ ಆಸ ಅನ್ನುವ ಯೆಹೂದದ ಅರಸನ ಕಥೆ ಇದೆ. ಮೊದಲು ಕೂಷ್ಯರ ದೊಡ್ಡ ಸೈನ್ಯ ಬಂದಾಗ ಅವನು ದೇವರಿಗೆ ಮೊರೆಯಿಟ್ಟು ಗೆದ್ದವನು. ವಯಸ್ಸಾದ ಮೇಲೆ ಇಸ್ರಾಯೇಲಿನ ಅರಸ ಬಾಷ ರಾಮ ಅನ್ನುವ ಊರಲ್ಲಿ ಕೋಟೆ ಕಟ್ಟಿ ದಾರಿ ಮುಚ್ಚಿದಾಗ ದೇವಾಲಯದ ಬೆಳ್ಳಿಬಂಗಾರ ತೆಗೆದು ಅರಾಮ್ಯರ ಅರಸನಿಗೆ ಕಳಿಸಿದ. ಆ ಉಪಾಯ ಫಲ ಕೊಟ್ಟಿತು, ಬಾಷ ಕೆಲಸ ನಿಲ್ಲಿಸಿ ಹೋದ. ಆದರೂ ದೇವರ ಮಾತು ತರುವ ದರ್ಶಿ ಹನಾನಿ ಬಂದು, ನೀನು ಯೆಹೋವನನ್ನು ಬಿಟ್ಟು ಅರಾಮ್ಯರ ಅರಸನನ್ನು ನಂಬಿದೆ ಅಂತ ಆಸನಿಗೆ ಬೈದ. ಈ ಕಥೆ ನನ್ನನ್ನು ಬಹಳ ವರ್ಷದಿಂದ ಬಿಟ್ಟಿಲ್ಲ. ಕಷ್ಟ ತೀರಿತು ಅನ್ನುವ ಒಂದೇ ಕಾರಣಕ್ಕೆ ಅದು ದೇವರ ಉತ್ತರ ಆಗಲ್ಲ. ಹದಿನಾರು ಸಾವಿರ ಜಾಸ್ತಿ ಬರುತ್ತದೆ, ಕಂತೂ ತೀರುತ್ತದೆ, ಆದರೆ ಇನ್ನೊಬ್ಬರ ಹೆಸರನ್ನು ಕಳ್ಳತನದಲ್ಲಿ ಹೊಲಿದು ಆ ದುಡ್ಡಿಗೆ ಸ್ತೋತ್ರ ಹೇಳುವುದು ಹೇಗೆ? ನನ್ನ ಮಟ್ಟಿಗೆ ನಾವು ಯಾರನ್ನು ನಂಬಿದ್ದೇವೆ ಅನ್ನುವುದು ಇಂಥ ಜಾಗದಲ್ಲೇ ಗೊತ್ತಾಗುತ್ತದೆ, ಸರಿಯಾದದ್ದು ಮಾಡಿದರೆ ಲೆಕ್ಕ ಕೂಡಿ ಬರದ ಜಾಗದಲ್ಲಿ.

ಜೀನ್ಸ್ ಟೈಲರ್, ಬಳ್ಳಾರಿ

ಅಕ್ಕ, ಓದಿ ಸುಮ್ನೆ ಕೂತುಬಿಟ್ಟೆ. ಆದರೆ ಐದು ಮನೆ ನನ್ನನ್ನು ನಂಬಿಕೊಂಡಿವೆ. ಇಲ್ಲ ಅಂದರೆ ಶನಿವಾರ ಅವರ ಮುಖ ಹೇಗೆ ನೋಡಲಿ? ತಲೆಯಲ್ಲಿ ಲೆಕ್ಕ ಓಡುವುದಕ್ಕೆ ಏನು ಮಾಡಲಿ?

ಟೀಚರ್, ರಾಯಚೂರು

ಐದು ಮನೆಯೂ ನಿಮ್ಮ ಹೆಗಲ ಮೇಲೇ ಇವೆ ಅಂದುಕೊಂಡಿದ್ದೀರಲ್ಲ, ಅದೇ ಭಾರ ತಮ್ಮ. ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಲೆಕ್ಕವನ್ನು ತಲೆಯಿಂದ ಆಚೆ ಓಡಿಸಲು ಹೋಗಬೇಡಿ, ಅದನ್ನೇ ಪ್ರಾರ್ಥನೆಗೆ ತನ್ನಿ. ಅಶ್ಶೂರದವರು ಬೆದರಿಸಿ ಬರೆದ ಪತ್ರವನ್ನು ಅರಸ ಹಿಜ್ಕೀಯ ದೇವಾಲಯಕ್ಕೆ ತೆಗೆದುಕೊಂಡು ಹೋಗಿ ಯೆಹೋವನ ಮುಂದೆ ಬಿಚ್ಚಿಟ್ಟ, ಎರಡನೇ ಅರಸುಗಳು 19. ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ನಾನು ಬಿಲ್ಲುಗಳನ್ನು ಹಾಸಿಗೆ ಮೇಲೆ ಹರಡಿ ಒಂದೊಂದನ್ನೇ ಗಟ್ಟಿಯಾಗಿ ಓದುತ್ತಿದ್ದೆ. ಅದೇ ಪ್ರಾರ್ಥನೆ. ಬೇರೆ ಮಾತು ಬರುತ್ತಿರಲಿಲ್ಲ.

ಹಳೇ ಬಳ್ಳಾರಿಯವ

ಎಲ್ಲಾ ಓದಿದೆ. ಜ್ಞಾನೋಕ್ತಿ 3:5ರಲ್ಲಿ ಸ್ವಬುದ್ಧಿಯನ್ನೇ ಆಧಾರ ಮಾಡಿಕೊಳ್ಳಬೇಡ ಅಂತಿದೆ, ಬುದ್ಧಿ ಬಳಸಬೇಡ ಅಂತಿಲ್ಲ. ಆ "ಏ" ಅನ್ನುವ ಒಂದಕ್ಷರ ಗಮನಿಸಿ. ಈ ಮಾತನ್ನು ನಾವು ಕನ್ನಡದಲ್ಲಿ ಓದುತ್ತಿದ್ದೇವೆ ಅಂದರೆ ಅದರ ಹಿಂದೆ ನಮ್ಮೂರಲ್ಲಿ ಸುರಿಸಿದ ಬೆವರೂ ಇದೆ. ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಪೂರ್ತಿ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಅವರೂ ಜೊತೆಗಾರರೂ ಇಪ್ಪತ್ತು ವರ್ಷ ಪದ ಪದ ಹುಡುಕಿದರು. ಹೊಸಪೇಟೆಯವರು ಹೇಳಿದ ಕೈ ಕೆಸರು ಸುಳ್ಳಲ್ಲ. ಆದರೆ ನನ್ನ ಪಾಲು ಇಷ್ಟು, ದೇವರ ಪಾಲು ಇಷ್ಟು ಅಂತ ಭಾಗ ಮಾಡುವುದು ಬೇಡ. ಆ ಕೆಲಸ ಮಾಡುವ ಬಲವೂ ಆತನದೇ.

ಜೀನ್ಸ್ ಟೈಲರ್, ಬಳ್ಳಾರಿ (ಶನಿವಾರ ರಾತ್ರಿ)

ಆ ಪಾರ್ಟಿಗೆ ಆಗಲ್ಲ ಅಂತ ಹೇಳಿದೆ. ಅವರು ಬೇರೆ ಯಾರಾದರೂ ಹೊಲಿಯುತ್ತಾರೆ ಬಿಡಿ ಅಂದು ಫೋನ್ ಇಟ್ಟರು. ಹೇಳುವಾಗ ಧೈರ್ಯ ಏನೂ ಇರಲಿಲ್ಲ, ಕೈ ನಡುಗುತ್ತಿತ್ತು.

ನಿನ್ನೆ ರಾತ್ರಿ ಟೀಚರ್ ಅಕ್ಕ ಹೇಳಿದ ಹಾಗೆ ಮಾಡಿದೆ. ನಾನು ಲೆಕ್ಕ ಬರೆಯುವುದು ಕಟಿಂಗ್ ಪೇಪರಿನ ಹಿಂದೆ, ಪೆನ್ಸಿಲಿನಲ್ಲಿ. ಅದನ್ನು ನೆಲದ ಮೇಲೆ ಹಾಸಿ ಕರ್ತನ ಮುಂದೆ ಒಂದೊಂದು ಸಾಲು ಓದಿದೆ. ದಾರ, ಕರೆಂಟು, ಕಂತು, ಐದು ಜನರ ಹೆಸರು. ಕೊನೆಯ ಸಾಲಿಗೆ ಬರುವಾಗ ಅತ್ತುಬಿಟ್ಟೆ. ಆಮೇಲೆ ನಿದ್ದೆ ಬಂತು.

ಇವತ್ತು ಅರ್ಧ ಬಟವಾಡೆ ಕೊಟ್ಟು ಉಳಿದದ್ದು ಬುಧವಾರ ಅಂದೆ, ಕಾರಣವನ್ನೂ ಹೇಳಿದೆ. ಒಬ್ಬ ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಹೋದ. ಓವರ್‌ಲಾಕ್ ಮಷೀನಿನ ಅಕ್ಕ ಮಾತ್ರ ನಿಂತು, "ಮೊದಲೇ ಹೇಳಿದ್ದರೆ ನಾನು ಹೋದ ವಾರ ಅಡ್ವಾನ್ಸ್ ಕೇಳುತ್ತಲೇ ಇರಲಿಲ್ಲ" ಅಂದರು. ಅವರು ನಮ್ಮ ಸಭೆಯವರಲ್ಲ.

ಕಂತು ಹಾಗೇ ಇದೆ. ಕೌಲ್ ಬಜಾರಿನ ಕಡೆ ಒಬ್ಬರ ಹತ್ತಿರ ಸ್ಕೂಲ್ ಪ್ಯಾಂಟಿನ ಹೊಲಿಗೆ ಇದೆಯಂತೆ, ರೇಟು ಕಡಿಮೆ. ಸೋಮವಾರ ಬೆಳಿಗ್ಗೆ ಹೋಗಿ ಮಾತಾಡಿ ಬರುತ್ತೇನೆ, ಪ್ರಾರ್ಥನೆ ಮಾಡಿ.