ರೇಸ್ ಬಿಟ್ಟ ಕುದುರೆ ಹತ್ತಲು ಬಿಡುತ್ತಿಲ್ಲ, ಹೊಡೆಯದೆ ಕಲಿಸೋದು ಹೇಗೆ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ರೇಸ್ ಮುಗಿಸಿದ ಒಂದು ಹೆಣ್ಣು ಕುದುರೆಯನ್ನು ಮೂರು ತಿಂಗಳ ಹಿಂದೆ ಮೈಸೂರು ಹತ್ತಿರದ ನಮ್ಮ ತೋಟಕ್ಕೆ ತಂದೆ. ಥರೋಬ್ರೆಡ್ ಅನ್ನೋ ರೇಸ್ ತಳಿ, ಆರು ವರ್ಷ. ಲಾಯದಲ್ಲಿ ಬಲು ಸಾಧು, ಮಕ್ಕಳ ಕೈಯಿಂದ ಕ್ಯಾರೆಟ್ ತಿನ್ನುತ್ತಾಳೆ. ಜೀನು ಹಾಕಿ ರಿಕಾಪಿಗೆ ಕಾಲಿಟ್ಟರೆ ಸಾಕು, ಹೊರಟೇಬಿಡುತ್ತಾಳೆ. ಲಗಾಮು ಎಳೆದಷ್ಟೂ ಜೋರು ಜಾಸ್ತಿ. ಮೊನ್ನೆ ಹಗ್ಗ ಕಿತ್ತುಕೊಂಡು ಓಡಿದಾಗ ನನ್ನ ಅಂಗೈ ಚರ್ಮ ಸುಲಿದುಹೋಯಿತು. "ಎರಡು ಬಾರಿಸು, ಸರಿಹೋಗ್ತಾಳೆ" ಅಂತಾರೆ ಊರಲ್ಲಿ. ನನಗೆ ಮನಸ್ಸು ಬರುತ್ತಿಲ್ಲ. ದಿನಾ ಉದ್ದ ಹಗ್ಗದಲ್ಲಿ ಸುತ್ತು ಓಡಿಸಿ ಸುಸ್ತು ಮಾಡಿದರೆ ತಗ್ಗುತ್ತಾಳಾ?

ಹಳೇ ಸೈಸ್
ಹೊಡೆಯಬೇಡಿ ಸರ್. ಅವಳು ಕಲಿತದ್ದನ್ನೇ ಮಾಡುತ್ತಿದ್ದಾಳೆ. ರೇಸ್‌ಕೋರ್ಸಲ್ಲಿ ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ ಜಾಕಿಯ ಕಾಲು ಹಿಡಿದು ಮೇಲೆ ಎತ್ತಿ ಕೂರಿಸುತ್ತೇವೆ. ನಿಂತು ಹತ್ತಿಸಿಕೊಳ್ಳಬೇಕು ಅಂತ ಅವಳಿಗೆ ಯಾರು ಹೇಳಿಕೊಟ್ಟಿದ್ದಾರೆ? ಲಗಾಮಿನದೂ ಅದೇ ಕಥೆ. ಓಟದಲ್ಲಿ ಜಾಕಿ ಬಿಗಿ ಹಿಡಿದಿರುತ್ತಾನೆ, ಕುದುರೆ ಅದಕ್ಕೆ ಬಾಯಿ ಒತ್ತಿಕೊಂಡೇ ಓಡುತ್ತದೆ. ನೀವು ಎಳೆದರೆ ಅವಳ ಪಾಲಿಗೆ "ಓಡು" ಅಂದ ಹಾಗೆ.

ಒಂದು ವಾರ ಹತ್ತಲೇಬೇಡಿ. ಹತ್ತಲು ಬಳಸುವ ಕಟ್ಟೆ ಪಕ್ಕ ನಿಲ್ಲಿಸಿ, ಜೀನಿನ ಮೇಲೆ ಸುಮ್ನೆ ಕೈ ಊರಿ. ಕದಲಿದರೆ ಬೈಯದೆ ಅದೇ ಜಾಗಕ್ಕೆ ತಂದು ನಿಲ್ಲಿಸಿ. ಇಪ್ಪತ್ತು ಸಲ ಕದಲಿದರೆ ಇಪ್ಪತ್ತು ಸಲ ತನ್ನಿ, "ಇವತ್ತಿಗೆ ಹೋಗಲಿ" ಅಂತ ಮಾತ್ರ ಬಿಡಬೇಡಿ. ಕಾಲು ಊರಿ ನಿಂತು ತಲೆ ತಗ್ಗಿಸಿದಳೋ, ಆ ಗಳಿಗೆಯಲ್ಲೇ ಹಗ್ಗ ಸಡಿಲಿಸಿ ಹಿಂದೆ ಸರಿಯಿರಿ. ತಡ ಮಾಡಿದರೆ ಯಾವುದಕ್ಕೆ ಬಿಟ್ಟಿರಿ ಅಂತ ಅವಳಿಗೆ ತಿಳಿಯುವುದಿಲ್ಲ. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ, ಬೆರಳೇ ಹೋದೀತು. ಮಡಿಸಿ ಹಿಡಿಯಿರಿ, ಗ್ಲೌಸ್ ಹಾಕಿ.

ಹುಲ್ಲುಗಾವಲು
ಸುಸ್ತು ಮಾಡಲು ಹೋಗಬೇಡಿ. ದಿನಾ ಓಡಿಸಿದಷ್ಟೂ ಅವಳ ದಮ್ಮು ಹೆಚ್ಚುತ್ತದೆ, ತಿಂಗಳಾದ ಮೇಲೆ ಸುಸ್ತಾಗುವವರು ನೀವೇ. ಸಣ್ಣ ಸುತ್ತಿನಲ್ಲಿ ಓಡಿದರೆ ಕಾಲಿನ ಕೀಲುಗಳಿಗೂ ಪೆಟ್ಟು. 20 ಮೀಟರ್ ಅಗಲದ ಸುತ್ತು, ಎಡಸುತ್ತು ಬಲಸುತ್ತು ಎರಡೂ ಸೇರಿ ಹದಿನೈದು ನಿಮಿಷ ಸಾಕು.

ಮೇವು ಏನು ಕೊಡುತ್ತಿದ್ದೀರಿ? ರೇಸಿನ ಕಾಲದ ಓಟ್ಸ್, ಹುರುಳಿ ಹಾಗೇ ನಡೆದಿದ್ದರೆ ಆ ಕಸುವು ಎಲ್ಲಿಗೆ ಹೋಗಬೇಕು? ಹತ್ತು ದಿನದಲ್ಲಿ ನಿಧಾನವಾಗಿ ಇಳಿಸಿ, ಒಮ್ಮೆಲೇ ಬದಲಿಸಿದರೆ ಹೊಟ್ಟೆನೋವು ಬರಬಹುದು. 450 ಕೆಜಿ ಕುದುರೆಗೆ ದಿನಕ್ಕೆ 7ರಿಂದ 9 ಕೆಜಿ ಒಣಹುಲ್ಲು ಬೇಕು. ಹಗಲೆಲ್ಲ ಬೇಲಿ ಇರುವ ಬಯಲಲ್ಲಿ ಬಿಡಿ. ಇನ್ನೊಂದು ಕೇಳಬೇಕಿತ್ತು, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಲಗಿಸುತ್ತಾಳಾ? ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ಬಹಳ. ನೋವಿದ್ದರೆ ಯಾವ ತರಬೇತಿಯೂ ಹಿಡಿಯುವುದಿಲ್ಲ.

ತೋಟದಮನೆ
ಹೌದು, ಕಿವಿ ಮಲಗಿಸುತ್ತಾಳೆ, ಒಂದೆರಡು ಸಲ ಕಚ್ಚಲೂ ಬಂದಿದ್ದಳು. ಸೊಕ್ಕು ಅಂದುಕೊಂಡಿದ್ದೆ, ಈಗ ನೆನೆದರೆ ಸಂಕಟವಾಗುತ್ತದೆ. ಗುರುವಾರ ಡಾಕ್ಟರ್ ಬರುತ್ತಾರೆ, ಅಲ್ಲಿಯವರೆಗೆ ಜೀನು ಹಾಕುವುದಿಲ್ಲ. ಇವತ್ತು ಬರೀ ಬೆನ್ನಿನ ಮೇಲೆ ಕೈ ಇಟ್ಟು ಕಟ್ಟೆ ಪಕ್ಕ ನಿಲ್ಲಿಸಿದೆ. ಹನ್ನೊಂದು ಸಲ ಕದಲಿದಳು. ಹನ್ನೆರಡನೇ ಸಲ ಉಸಿರು ಬಿಟ್ಟು, ತಲೆ ತಗ್ಗಿಸಿ ನಿಂತಳು. ಹಗ್ಗ ಬಿಟ್ಟು, ಹುಲ್ಲು ಹಾಕಿ ಬಂದೆ.